ಪೇಟೆಗೊಂದು ಸೀಮೆ

ಹೊಸ ತಿಪ್ಪಸಂದ್ರದ ಅಂಗಡಿಬೀದಿಯಲ್ಲಿ ಸಂಜೆ ಸೊಪ್ಪು ಕೊಳ್ಳುವ ಗೃಹಿಣಿ, ಅದು ಬೆಳೆದ ಹೊಲ ಯಾವುದೆಂದು ವಿಚಾರಿಸುವುದಿಲ್ಲ. ವಿಚಾರಿಸಿದಲ್ಲಿ, ಆ ಹೊಲವು ತಲೆಮಾರಿಗೊಂದು ಹರಿದಾರಿಯಂತೆ ಮೂಡಣಕ್ಕೆ ಸರಿಯುತ್ತಿರುವುದು ತಿಳಿದೀತು.

ಇಲ್ಲಿಂದ ಅದೇ ಮೂಡಣ ದಿಕ್ಕಿಗೆ ನಡೆದರೆ ವೈಟ್‌ಫೀಲ್ಡ್ ಸಿಗುತ್ತದೆ. ಇಂಗ್ಲೆಂಡಿನ ಹಳ್ಳಿಗಾಡಿನ ಸಣ್ಣ ಪೇಟೆಗಳಲ್ಲಿ ನಡುವೆ ಚರ್ಚು, ಸುತ್ತ ಮನೆಗಳು, ವಾರದ ಸಂತೆ, ಅವುಗಳಾಚೆ ಹೊಲ, ಹುಲ್ಲುಗಾವಲು. ಅದನ್ನು ನೆನಪಿಗೆ ತರುವ ಊರೊಂದು ಕನ್ನಡದ ನೆಲದಲ್ಲಿ ಮೊಳೆತದ್ದು 1882ರಲ್ಲಿ. ಆಗ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರೇ ಊರಿಗೂ ಬಂದಿತು. ನೌಕರಿಯನ್ನೇ ನೆಚ್ಚಿದ್ದ ಕುಟುಂಬಗಳು ನೇಗಿಲು ಹಿಡಿದು ಸ್ವಾವಲಂಬಿಗಳಾಗಬೇಕೆಂಬುದು ಉದ್ದೇಶ. ವರ್ತುಲಾಕಾರದ ಬಯಲು, ಅದರ ಸುತ್ತ ತೋಟದ ಮನೆಗಳು, 1886ರಲ್ಲಿ ಒಂದು ಚರ್ಚು, ಎಲ್ಲವೂ ಆದುವು. ಬೇಸಾಯದ ಕನಸು ಮಾತ್ರ ಪೂರ್ಣವಾಗಿ ಕೈಗೂಡಲಿಲ್ಲ. ಪ್ರಶಾಂತವಾದ ಸಣ್ಣ ಊರಾಗಿಯೇ ಅದು ಬಹುಕಾಲ ಉಳಿಯಿತು.

ಸೀಮೆಯ ಪೇಟೆಯೆನಿಸಿದ್ದು ಸಮೀಪದ ಕೃಷ್ಣರಾಜಪುರ. ಅಲ್ಲಿನ ಮಂಗಳವಾರದ ಸಂತೆಗೆ ಸುತ್ತಲಿನ ರೈತರು ಸೊಪ್ಪು, ತರಕಾರಿ, ಕಾಳು ತಂದು ಮಾರಿ, ಎಣ್ಣೆ ಬಟ್ಟೆಗಳನ್ನು ಕೊಂಡು ಮರಳುತ್ತಿದ್ದರು. ಪೇಟೆ ಹಳ್ಳಿಗಳನ್ನು ಸಾಕುತ್ತಿತ್ತೋ, ಹಳ್ಳಿಗಳು ಪೇಟೆಯನ್ನು ಸಾಕುತ್ತಿದ್ದುವೋ ಹೇಳುವುದು ಕಷ್ಟ. ಕೊಡುಕೊಳ್ಳುವಿಕೆಯೇ ಎರಡಕ್ಕೂ ಜೀವವಾಗಿತ್ತು.

1990ರ ದಶಕದಲ್ಲಿ ವೈಟ್‌ಫೀಲ್ಡಿನ ಬಳಿ ತಂತ್ರಜ್ಞಾನ ಪಾರ್ಕು ತಲೆಯೆತ್ತಿತು. ರಾಗಿಯ ಹೊಲಗಳು ನಿವೇಶನಗಳಾದುವು. ಗದ್ದೆಗಳಿಗೆ ನೀರೂಡಿದ ವರ್ತೂರು ಕೆರೆ 2015ರಲ್ಲಿ ರಸ್ತೆಗೆ ನೊರೆಯನ್ನು ಚೆಲ್ಲಿತು. 2023ರಲ್ಲಿ ಮೆಟ್ರೋ ರೈಲು ವೈಟ್‌ಫೀಲ್ಡನ್ನು ಮುಟ್ಟಿತು. ದಾರಿಯ ದೂರ ಕುಗ್ಗಿತು. ನೆಲ ಮಾರಿದ ರೈತನಿಗೆ ಹಣ ದೊರೆಯಿತು, ಅವನ ಮಕ್ಕಳಿಗೆ ಶಾಲೆ ದೊರೆಯಿತು. ಇದೆಲ್ಲವನ್ನೂ ನಷ್ಟವೆಂದು ಹಳಿಯುವುದು ನ್ಯಾಯವಲ್ಲ. ಆದರೂ ತನ್ನ ಸೀಮೆಯನ್ನೇ ನುಂಗಿದ ಪೇಟೆ ನಾಳೆ ಯಾರೊಡನೆ ವ್ಯಾಪಾರ ಮಾಡೀತು?

ಹೊಸಕೋಟೆ, ಮಾಲೂರುಗಳ ಕಡೆ ಹೊಲಗಳು ಇನ್ನೂ ಹಸುರಾಗಿವೆ. ಗೃಹಿಣಿಯ ಚೀಲದಲ್ಲಿರುವ ಸೊಪ್ಪು ಆ ಕಡೆಯದೇ ಇದ್ದೀತು. ಮುಂದಿನ ಸಲ ಆಕೆ ಬೆಲೆಯೊಡನೆ ಊರನ್ನೂ ಕೇಳಲಿ. ಹೇಳಲು ಊರಿನ ಹೆಸರೊಂದು ಉಳಿದಿರುವಾಗಲೇ ಕೇಳುವುದು ಲೇಸು.