ಸ್ಪೀಕರ್‌ಗಿಂತ ಮೊದಲು ಕೋಣೆ

ಬಾಗಲಕೋಟೆ ನವನಗರದ ಮನೆಗಳಿಗೆ ಸ್ಪೀಕರ್ ಜೋಡಿಸುವುದು ನನ್ನ ಕಸುಬು. ಹೋಂ ಥಿಯೇಟರ್‌ಗೆ ಲಕ್ಷಗಟ್ಟಲೆ ಸುರಿದವರೂ ‘ಮಾತು ಸ್ವಚ್ಛ ಕೇಳವಲ್ದು’ ಎನ್ನುತ್ತಾರೆ. ಬಹಳ ಸಲ ದೋಷ ಸ್ಪೀಕರಿನದಲ್ಲ, ಕೋಣೆಯದು. ನೆಲಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟ್, ಗೋಡೆಗೆ ನುಣುಪು ಪುಟ್ಟಿ, ಮೇಲೆ ಆರ್‌ಸಿಸಿ. ಪಾಲಿಶ್ ಕಲ್ಲು ಸದ್ದನ್ನು ಹೀರುವುದು ಹೆಚ್ಚೆಂದರೆ ಶೇ 2ರಷ್ಟು. ಉಳಿದದ್ದು ಪುಟಿದು ಮುಂದಿನ ಮಾತಿನ ಮೇಲೆ ಬೀಳುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಪ್ರತಿಧ್ವನಿ ಚೆಂದ. ಸಿನಿಮಾ ಸಂಭಾಷಣೆಗೆ ಅದೇ ಶತ್ರು.

ಹಾರ್ವರ್ಡ್‌ನ ವ್ಯಾಲೇಸ್ ಸೇಬಿನ್ 1895ರಲ್ಲಿ ಕೈಗೊಂಡ ಪ್ರಯೋಗಗಳಲ್ಲಿ ಸಭಾಂಗಣಕ್ಕೆ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು, ಮೆತ್ತೆ ಹೆಚ್ಚಿದಂತೆ ಅನುರಣನ ತಗ್ಗುವುದನ್ನು ಅಳೆದು ತೋರಿಸಿದರು. ನಮ್ಮ ಮನೆಗಳಲ್ಲಿ ಕೌದಿ ಇದೆಯಲ್ಲ! ನೀವು ನೋಡಲು ಕೂರುವ ಜಾಗದಲ್ಲಿ ಕುಳಿತು, ಪಕ್ಕದ ಗೋಡೆಗುಂಟ ಮತ್ತೊಬ್ಬರಿಗೆ ಕನ್ನಡಿ ಸರಿಸಲು ಹೇಳಿ. ಅದರಲ್ಲಿ ಸ್ಪೀಕರ್ ಕಂಡ ಕಡೆ ದಪ್ಪ ಕೌದಿಯನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿ. ನೆಲಕ್ಕೆ ಜಮಖಾನ ಹಾಸಿ. ಮೂಲೆಯಲ್ಲಿ ಗುಡುಗುವ ಬಾಸ್‌ಗೆ ಮಾತ್ರ ಬಟ್ಟೆ ಸಾಲದು, ದಪ್ಪನೆಯ ರಾಕ್‌ವೂಲ್ ಬೇಕು.

ಹೊಸದಾಗಿ ಕಟ್ಟಿಸುವವರು ಕೋಣೆಯ ಉದ್ದ, ಅಗಲ ಒಂದೇ ಇಡಬೇಡಿ. ಸ್ಪೀಕರ್ ಅಂಗಡಿಗೆ ಹೋಗುವ ಮುನ್ನ ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಅದು ಗುಂಯ್‌ಗುಟ್ಟಿದರೆ ಮೊದಲ ಖರ್ಚು ಗೋಡೆಗೇ ಆಗಲಿ.