ಗೇಟಿನ ಪಕ್ಕದ ಸಂದು

ಬಾಗಿದ ಹ್ಯಾಂಡಲ್, 40 ಮಿಲಿಮೀಟರ್ ಆಸುಪಾಸಿನ ಟೈರು, ಏರು ಹತ್ತಲು ಹಗುರವಾದ ಗೇರು: ಗ್ರಾವೆಲ್ ಬೈಕ್ ಈಗ ಪುಣೆ, ಹೈದರಾಬಾದಿನ ಅಂಗಡಿಗಳಲ್ಲೂ ಸಿಗುತ್ತದೆ. ಸಿಗದಿರುವುದು ದಾರಿ.

ಸ್ಕಾಟ್ಲೆಂಡಿನ ಅಬರ್‌ಫಾಯ್ಲ್ ಈ ಸವಾರಿಗೇ ಹೆಸರಾದ ಊರು. ಸುತ್ತ ಗುಡ್ಡ, ಸರೋವರ, ಕ್ವೀನ್ ಎಲಿಜಬೆತ್ ಅರಣ್ಯ. ಅಲ್ಲಿನ ಜಲ್ಲಿರಸ್ತೆಗಳು ಹುಟ್ಟಿದ್ದು ಸೈಕಲ್ಲಿಗಲ್ಲ, ಮರದ ದಿಮ್ಮಿ ಸಾಗಿಸುವ ಲಾರಿಗಳಿಗೆ. ಕಾರಿಗೆ ಗೇಟು ಅಡ್ಡ, ಸೈಕಲ್ಲಿಗೆ ಪಕ್ಕದಲ್ಲೊಂದು ಸಂದು. ಆ ಸಂದಿನ ಹಿಂದಿರುವುದು 2003ರ ಭೂ ಸುಧಾರಣಾ ಕಾಯ್ದೆ. ಖಾಸಗಿ ಜಮೀನೂ ಸೇರಿ ಬಹುಪಾಲು ನೆಲದಲ್ಲಿ, ಜವಾಬ್ದಾರಿಯಿಂದ ನಡೆಯುವ, ಸೈಕಲ್ ತುಳಿಯುವ ಹಕ್ಕನ್ನು ಅದು ಕೊಟ್ಟಿತು. (ನಮ್ಮಲ್ಲಿ ಭೂ ಸುಧಾರಣೆ ಉಳುವವನಿಗೆ, ಅಲ್ಲಿ ತುಳಿಯುವವನಿಗೂ.) ಪಕ್ಕದ ಇಂಗ್ಲೆಂಡಿನಲ್ಲಿ ಕುದುರೆದಾರಿಗಳಲ್ಲಿ ಸೈಕಲ್ಲಿಗೆ ಹಕ್ಕು ಸಿಕ್ಕಿದ್ದು 1968ರಲ್ಲಿ, ಕಾಲುದಾರಿಗಳಲ್ಲಿ ಇಂದಿಗೂ ಇಲ್ಲ.

ಹಕ್ಕಿನ ಜೊತೆ ಕಟ್ಟುಪಾಡೂ ಉಂಟು. ಮರ ಕಡಿಯುವಲ್ಲಿ ಬೋರ್ಡು ಕಂಡರೆ ಸುತ್ತಿ ಬಳಸಿ ಹೋಗಬೇಕು, ನಡೆಯುವವರಿಗೆ ದಾರಿ ಬಿಡಬೇಕು.

ಇದನ್ನು ಪಶ್ಚಿಮ ಘಟ್ಟಕ್ಕೆ ಇದ್ದಂತೆಯೇ ತನ್ನಿ ಎನ್ನುವುದು ಹುಚ್ಚುತನ. ಸ್ಕಾಟ್ಲೆಂಡಿನ ಕಾಡಿನಲ್ಲಿ ಆನೆಯಿಲ್ಲ. ಅಭಯಾರಣ್ಯದಲ್ಲಿ ಗೇಟು ಮುಚ್ಚಿಯೇ ಇರಲಿ. ಆದರೆ ಊರಂಚಿನ ನೆಡುತೋಪು, ಕಾಲುವೆ ದಂಡೆ, ಕೆರೆ ಏರಿಯ ಮಣ್ಣುದಾರಿಗಳಲ್ಲಿ ಆ ಕಾರಣ ಸಾಲದು. ಅಲ್ಲಿ ಸೈಕಲ್ಲಿನವರನ್ನು ಬಿಡುವುದೂ ತಡೆಯುವುದೂ ಎಷ್ಟೋ ಸಲ ಆ ಹೊತ್ತಿನ ಕಾವಲುಗಾರನ ಮರ್ಜಿ. ಬರೆದಿಟ್ಟ ನಿಯಮವಿದ್ದರೆ ಅವನಿಗೂ ನಿರಾಳ. ಸೈಕಲ್ ಕ್ಲಬ್ಬುಗಳು ಹೊಸ ಬೈಕಿಗೆ ಮೊದಲು ಅದನ್ನು ಕೇಳಲಿ.