ಮೊದಲು ಹೊಸಿಲು ದಾಟಲಿ

ಹೋದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಮ್ಮ ಟೀಮ್ ಒಂದು ಐಡಿಯಾ ಕೊಟ್ಟಿತ್ತು: ಸೆರೆಬ್ರಲ್ ಪಾಲ್ಸಿ ಇರೋ ಮಕ್ಕಳನ್ನು ನಡೆಸೋ ರೊಬೊಟಿಕ್ ಕಾಲು. ಪಿಪಿಟಿಯಲ್ಲಿ ಮೋಟಾರ್ ಇತ್ತು, ಸೆನ್ಸರ್ ಇತ್ತು, ಎಐ ಕೂಡ ಇತ್ತು. ಆದರೆ ನಮ್ಮಲ್ಲಿ ಒಬ್ಬರೂ ಅಂಥ ಮಗುವನ್ನು ಮಾತಾಡಿಸಿರಲಿಲ್ಲ.

ಆಮೇಲೆ ನಮ್ಮ ಬೀದಿಯಲ್ಲೇ ಇರುವ ಆರು ವರ್ಷದ ಹುಡುಗನ ಮನೆಗೆ ಹೋದೆ. ಇದು ಕಾಲಿನ ಕಾಯಿಲೆ ಅಂದುಕೊಂಡಿದ್ದೆ. ಅಲ್ಲ, ಬೆಳೆಯುತ್ತಿರುವ ಮೆದುಳಿಗೆ ಆದ ಪೆಟ್ಟು. ಆ ಪೆಟ್ಟು ಹೆಚ್ಚಾಗುತ್ತಾ ಹೋಗಲ್ಲ. ಆದರೆ ಅದರಿಂದ ಸ್ನಾಯುಗಳು ಬಿಗಿಯಾಗ್ತವೆ, ಬ್ಯಾಲೆನ್ಸ್ ಸಿಗಲ್ಲ. ಅದಕ್ಕೇ ಥೆರಪಿ ಸೆಂಟರ್‌ನಲ್ಲಿ ಅವನಿಗೆ ಮೇಲಿಂದ ಬೆಲ್ಟ್ ಕಟ್ಟಿ, ಕಾಲಿನ ಮೇಲೆ ಬೀಳೋ ಭಾರ ಸ್ವಲ್ಪ ಕಡಿಮೆ ಮಾಡಿ, ಟ್ರೆಡ್‌ಮಿಲ್ ಮೇಲೆ ನಡೆಸ್ತಾರೆ. ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ. ಮನೆಯಲ್ಲೂ ವಾಕರ್ ಇದೆ, ಆದರೆ ಮೂಲೆ ಸೇರಿದೆ. "ಇದರ ಚಕ್ರ ಹೊಸಿಲು ಹತ್ತಲ್ಲಪ್ಪ. ಪ್ರತಿ ಸಲ ಅವನನ್ನೂ ಅದನ್ನೂ ನಾನೇ ಎತ್ತಬೇಕು" ಅಂದ್ರು ಆಂಟಿ.

ಉಳಿದ ದಿನಗಳಲ್ಲಿ ಅವನು ಎಲ್ಲಿ ನಡೀಬೇಕು?

2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ ಓದಿದೆ. ಭಾರ ತಗ್ಗಿಸಿ ಟ್ರೆಡ್‌ಮಿಲ್ ಮೇಲೆ ನಡೆಸಿದರೂ, ಮಾಮೂಲಿ ನೆಲದ ಮೇಲೆ ನಡೆಸಿದ್ದಕ್ಕಿಂತ ಹೆಚ್ಚಿನ ಲಾಭ ಅಲ್ಲಿ ಕಂಡಿರಲಿಲ್ಲ. ಹಾಗಂತ ಮಷಿನ್ ಬೇಡ ಅಂತಲ್ಲ. ತಾನಾಗಿ ನಿಲ್ಲೋಕೂ ಆಗದ ಮಗುವಿಗೆ ಅದು ಬೇಕಾಗಬಹುದು. ಯಾರಿಗೆ ಯಾವುದು ಅಂತ ಹೇಳಬೇಕಾದವರು ಫಿಸಿಯೋಥೆರಪಿಸ್ಟ್, ನಾವಲ್ಲ.

2014ರಲ್ಲಿ ಅಪ್ಸೀ ಅನ್ನೋ ಸಾಧನ ಮಾರುಕಟ್ಟೆಗೆ ಬಂತು. ಅದನ್ನು ಮೊದಲು ಯೋಚಿಸಿದವರು ಇಸ್ರೇಲ್‌ನ ಡೆಬಿ ಎಲ್ನಾಟನ್. ಎಂಜಿನಿಯರ್ ಅಲ್ಲ, ಮ್ಯೂಸಿಕ್ ಥೆರಪಿಸ್ಟ್. ಸೆರೆಬ್ರಲ್ ಪಾಲ್ಸಿ ಇರುವ ಮಗನ ತಾಯಿ. ಮಗುವಿನ ಹಾರ್ನೆಸ್ಸನ್ನು ದೊಡ್ಡವರ ಸೊಂಟದ ಬೆಲ್ಟ್‌ಗೆ ಸಿಕ್ಕಿಸಬೇಕು. ಚಪ್ಪಲಿ ಇಬ್ಬರಿಗೂ ಸೇರಿ ಒಂದೇ ಜೊತೆ. ಅಮ್ಮ ಹೆಜ್ಜೆ ಇಟ್ಟಾಗ ಮಗುವಿನ ಕಾಲೂ ಮುಂದೆ ಹೋಗುತ್ತೆ. ಮೋಟಾರೂ ಇಲ್ಲ, ಬ್ಯಾಟರಿಯೂ ಇಲ್ಲ. ಉತ್ತರ ಐರ್ಲೆಂಡ್‌ನ ಕಂಪನಿಯೊಂದು ಅದನ್ನು ತಿದ್ದಿ ತಯಾರಿಸಿತು. ಅಂದರೆ ಎಂಜಿನಿಯರ್‌ಗಳು ಬಂದದ್ದು ಎರಡನೇದಾಗಿ. ಆ ಕ್ರಮವೇ ಸರಿ ಅನ್ನೋದು ನನ್ನ ಅಭಿಪ್ರಾಯ.

ನಾವು ಉಲ್ಟಾ ಮಾಡ್ತೀವಿ. ಮೊದಲು ಸೆನ್ಸರ್ ತಗೋತೀವಿ, ಆಮೇಲೆ ಅದಕ್ಕೊಂದು ಸಮಸ್ಯೆ ಹುಡುಕ್ತೀವಿ. ಎಕ್ಸ್‌ಪೋ ಮುಗಿದ ಮೇಲೆ ಮಾಡೆಲ್ ಲ್ಯಾಬಿನ ಕಪಾಟು ಸೇರುತ್ತೆ, ಆಂಟಿ ಮನೆಯ ವಾಕರ್ ಮೂಲೆ ಸೇರಿದ ಹಾಗೆ.

ಈ ಸಲ ನಮ್ಮ ಟೀಮ್ ಟಾಪಿಕ್ ಬದಲಿಸಿದೆ: ಹೊಸಿಲು ಹತ್ತೋ ವಾಕರ್ ಚಕ್ರ, ಅಷ್ಟೇ. ಹತ್ತುವಾಗ ಹಿಂದಕ್ಕೆ ವಾಲಬಾರದು, ಮಗು ಬೆಳೆದ ಹಾಗೆ ಎತ್ತರ ಹೆಚ್ಚಿಸೋಕಾಗಬೇಕು, ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯಲ್ಲಿ ರಿಪೇರಿ ಆಗಬೇಕು. ಬಹುಮಾನ ಬರಲಿಕ್ಕಿಲ್ಲ. ನಾವು ಮೂವರೂ ಎಲೆಕ್ಟ್ರಾನಿಕ್ಸ್‌ನವರು. ಮೆಕ್ಯಾನಿಕಲ್‌ನವರು ಯಾರಾದ್ರೂ ಬರ್ತೀರಾ?